ಏಡಿ ಕಚ್ಚಿದ ಬೆರಳು

ನಮ್ಮ ಬಚ್ಚಲುಮನೆಯಲ್ಲಿ ಯಾವಾಗಲೂ ಎರಡು ಸೋಪು ಇರುತ್ತವೆ. ಒಂದು ನಾನು ಮೈಗೆ ಹಚ್ಚಿಕೊಳ್ಳುವುದು. ಅದು ಸವೆದು, ತೆಳ್ಳಗಾಗಿ, ಒಂದೆರಡು ಕೂದಲು ಅಂಟಿಸಿಕೊಂಡು ಕೆಳಗೆ ಬಿದ್ದಿರುತ್ತದೆ. ಇನ್ನೊಂದು ಕಿಟಕಿಯ ಮೇಲೆ ಡಬ್ಬಿಯೊಳಗೆ, ಕಂಪನಿಯವರು ಒತ್ತಿದ ಅಕ್ಷರ ಒಂದಿಷ್ಟೂ ಅಳಿಯದೆ, ಒಣಗಿಕೊಂಡು ಕೂತಿರುತ್ತದೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸುಮಾ, ನೆಂಟರಿಗೆಂದು ಇಟ್ಟಿರಬೇಕು ಅಂದುಕೊಂಡಿದ್ದಳು. ಅವಳ ದೊಡ್ಡಪ್ಪ ಬಂದರು, ಸ್ನಾನಕ್ಕೆ ಹೋದರು. ಡಬ್ಬಿಯ ಮುಚ್ಚಳ ಟಕ್ ಅಂದದ್ದು ಕೇಳಿದ್ದೇ ತಡ, ನಾನು ಪಡಸಾಲೆಯಿಂದಲೇ "ಅದಲ್ಲ ಮಾವ, ಅದಲ್ಲ, ಕೆಳಗಿಂದು ತಗೊಳ್ಳಿ" ಎಂದು ಕೂಗಿಬಿಟ್ಟೆ. ಅವರು ಮತ್ತೆ ನಮ್ಮ ಮನೆಯಲ್ಲಿ ಸ್ನಾನ ಮಾಡಲಿಲ್ಲ.

"ಏನ್ರೀ ಇದು, ಸೋಪಿಗೂ ಕಾವಲು ಕಾಯ್ತೀರಾ?" ಅಂದಳು ಸುಮಾ.

ಕಾಯುತ್ತೇನೆ. ಯಾಕೆ ಅಂತ ನಿಮಗಾದರೂ ಹೇಳುತ್ತೇನೆ. ಹದಿನೆಂಟನೇ ವಯಸ್ಸಿನಲ್ಲಿ ನಾನು ಐದು ತಿಂಗಳು ಹಡಗಿನ ಶಾಲೆಯಲ್ಲಿದ್ದೆ. ಯುದ್ಧದ ಹಡಗಲ್ಲ, ಸರಕು ಸಾಗಿಸುವ ಹಡಗು. ಅದರ ಮೇಲೆ ಹಗ್ಗ ಎಳೆಯಲು, ತುಕ್ಕು ಕೆರೆಯಲು, ಬಣ್ಣ ಬಳಿಯಲು ಹುಡುಗರನ್ನು ತಯಾರು ಮಾಡುವ ಶಾಲೆ. ಅಲ್ಲಿ ಪ್ರತಿಯೊಬ್ಬನ ಲಾಕರಿನಲ್ಲೂ ಒಂದು ಸೋಪು, ಒಂದು ಬ್ರಷ್ಷು, ಒಂದು ಟವೆಲ್ಲು ಇರಬೇಕು. ಬೆಳಿಗ್ಗೆ ತಪಾಸಣೆಯ ಹೊತ್ತಿಗೆ ಮೂರೂ ಒಣಗಿರಬೇಕು. ಸ್ನಾನವಾದ ಹತ್ತು ನಿಮಿಷಕ್ಕೆ ಸೋಪು ಹೇಗೆ ಒಣಗುತ್ತದೆ ಎಂದು ಕೇಳುವ ಹಾಗಿಲ್ಲ. ಹಾಗಾಗಿ ತೋರಿಸುವ ಸೋಪು ಬೇರೆ, ಹಚ್ಚಿಕೊಳ್ಳುವ ಸೋಪು ಬೇರೆ. ಹಚ್ಚಿಕೊಳ್ಳುವುದನ್ನು ಎಂಟು ಜನ ಹಂಚಿಕೊಂಡು ನಲ್ಲಿ ಪೈಪಿನ ಹಿಂದೆ ಬಚ್ಚಿಡುತ್ತಿದ್ದೆವು. ತಪಾಸಣೆ ಮಾಡುವವರಿಗೂ ಇದು ಗೊತ್ತಿತ್ತು. ಆದರೂ ದಿನಾ ಒಣ ಸೋಪನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ "ಗುಡ್" ಅಂದು ಮುಂದೆ ಹೋಗುತ್ತಿದ್ದರು.

ಅವತ್ತಿನಿಂದ ಅಚ್ಚುಕಟ್ಟಾಗಿರುವುದನ್ನು ಕಂಡರೆ ನನಗೆ ಅನುಮಾನ. ಕಡೂರು ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಹೋಟೆಲು ಶುರುವಾಗಿ, ಮೇಜು ಕುರ್ಚಿ ಫಳಫಳ ಹೊಳೆಯುತ್ತಿದ್ದರೆ ನಾನು ಮೊದಲು ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಇಣುಕಿ ಬರುತ್ತೇನೆ. ಮೂಲೆಯಲ್ಲಿ ಹಿಟ್ಟು ಚೆಲ್ಲಿದ್ದರೆ ಸಮಾಧಾನವಾಗಿ ಕೂತು ದೋಸೆಗೆ ಹೇಳುತ್ತೇನೆ. ನನ್ನ ಕಸುಬೂ ಅಂಥದ್ದೇ ಅನ್ನಿ. ಕೊಬ್ಬರಿ ಮಂಡಿ. ಮೂಟೆ ಬಿಚ್ಚಿದಾಗ ಮೇಲೆ ಬೆಳ್ಳಗೆ ಉಂಡೆ ಉಂಡೆ ಕೊಬ್ಬರಿ ಕಂಡರೆ ನಾನು ಮಾತೇ ಆಡದೆ ಮೊಣಕೈವರೆಗೆ ಕೈ ಇಳಿಸಿ ಅಡಿಯದನ್ನು ಎಳೆಯುತ್ತೇನೆ. ತಂದವರು "ಏನ್ ಶಿವಣ್ಣ, ನಂಬ್ಕೆ ಇಲ್ವಾ?" ಅನ್ನುತ್ತಾರೆ. "ನಂಬ್ಕೆ ಐತೆ ಕಣಪ್ಪಾ, ಕೈ ಅಭ್ಯಾಸ" ಅನ್ನುತ್ತೇನೆ. ಸುಮಾಳ ಪ್ರಕಾರ ನನ್ನ ಅನುಮಾನಕ್ಕೆ ಮದ್ದಿಲ್ಲ. ಯಾರಾದರೂ ಎರಡು ಸಲ "ಚೆನ್ನಾಗಿದೀವಿ" ಅಂದರೆ ಮೂರನೇ ಪ್ರಶ್ನೆ ಕೇಳದೆ ನಾನು ಬಿಡುವುದಿಲ್ಲವಂತೆ. ಅದು ನಿಜ.

ಸಮುದ್ರಕ್ಕೂ ಕಡೂರಿಗೂ ಏನು ಸಂಬಂಧ ಅಂತ ನೀವು ಕೇಳಬೇಕು. ನಾನೂ ಕೇಳಿದ್ದೆ. ಅಪ್ಪ ಪೇಪರಿನಲ್ಲಿ ಜಾಹೀರಾತು ನೋಡಿದರು. ಬಿಳಿ ಬಟ್ಟೆ, ಬಿಳಿ ಟೋಪಿ ಹಾಕಿದ ಹುಡುಗನೊಬ್ಬ ಹಡಗಿನ ಮೇಲೆ ನಿಂತು ಎಲ್ಲೋ ದೂರ ನೋಡುತ್ತಿದ್ದ. "ನಮ್ಮ ಕೊಬ್ಬರಿ ಅಷ್ಟು ದೂರ ಹೋಗ್ತದೆ, ನಮ್ಮ ಹುಡುಗ ಯಾಕೆ ಹೋಗ್ಬಾರ್ದು?" ಅಂದರು. ಮಂಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು. ಹೊರಡುವ ಮುಂಚೆ ಮಠಕ್ಕೆ ಕರೆದುಕೊಂಡು ಹೋಗಿ ಸ್ವಾಮಿಗಳ ಪಾದಕ್ಕೆ ಅಡ್ಡ ಬೀಳಿಸಿದರು. ಸ್ವಾಮಿಗಳು ನನ್ನ ತಲೆ ಸವರಿ, "ಈಜು ಬರ್ತದೇನಪ್ಪಾ?" ಅಂದರು. "ಇಲ್ಲ ಬುದ್ಧಿ" ಅಂದೆ. ಅಯ್ಯನಕೆರೆ ತುಂಬಿದ ವರ್ಷ ದಡದಲ್ಲಿ ನಿಂತು ಮಂಡಕ್ಕಿ ತಿಂದದ್ದು ಬಿಟ್ಟರೆ ನೀರಿನ ಅನುಭವ ನನಗೆ ಇರಲಿಲ್ಲ. ಸ್ವಾಮಿಗಳು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಹಡಗಿನ ಒಳಗೇ ಇರು" ಅಂತ ಆಶೀರ್ವಾದ ಮಾಡಿದರು.

ಹಡಗಿನ ಒಳಗೆ ಇರುವ ಭಾಗ್ಯ ಬರಲೇ ಇಲ್ಲ. ಐದು ತಿಂಗಳಲ್ಲಿ ಹಡಗನ್ನು ನೋಡಿದ್ದು ಎರಡು ಸಲ, ಅದೂ ದೂರದಿಂದ. ನಾವು ದಿನವೂ ನೋಡಿದ್ದು ಸಿಮೆಂಟಿನ ಪೆರೇಡ್ ಮೈದಾನ, ಮತ್ತು ಅದರ ನಡುವೆ ಬಾಯಲ್ಲಿ ಸೀಟಿ ಕಚ್ಚಿಕೊಂಡು ನಿಂತ ಒಬ್ಬ ಮನುಷ್ಯ. ಆತನ ಹೆಸರು ಬೇಡ, ನಾವು ಸೀಟಿ ಸಾಹೇಬ ಅನ್ನುತ್ತಿದ್ದೆವು. ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಓಡಬೇಕು, ಮೂರಕ್ಕೆ ಉಣ್ಣಬೇಕು. ಮತ್ತೆ ಸೀಟಿ ಕೇಳಿದರೆ ಕೈ ತಟ್ಟೆಯಲ್ಲಿದ್ದರೆ ತಟ್ಟೆಯಲ್ಲೇ, ಬಾಯಲ್ಲಿದ್ದರೆ ಬಾಯಲ್ಲೇ ನಿಲ್ಲಬೇಕು. ತುತ್ತು ನುಂಗಿದವನು ಮೈದಾನದ ಈ ತುದಿಯಿಂದ ಆ ತುದಿಗೆ ಲಾಗ ಹಾಕಬೇಕು. ಯಾಕೆ ಎಂದು ಕೇಳಿದವನ ಜೊತೆ ಅವನ ಕೋಣೆಯವರೆಲ್ಲ ಲಾಗ ಹಾಕಬೇಕು. ಆಮೇಲೆ ಕೇಳುವವರು ಯಾರಿರುತ್ತಾರೆ ಹೇಳಿ.

ಈಗ ನೀವು ಸ್ವಲ್ಪ ನಕ್ಕಿರಬಹುದು. ನಗುವ ಹಾಗೆಯೇ ಹೇಳಿದ್ದೇನೆ, ಇಪ್ಪತ್ತೆಂಟು ವರ್ಷದ ಅಭ್ಯಾಸ ನೋಡಿ. ನಮ್ಮ ಕಡೆ ಮದುವೆ, ಗೃಹಪ್ರವೇಶ, ತಿಥಿ ಯಾವುದೇ ಇರಲಿ, ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂದ ಮೇಲೆ ಯಾರಾದರೂ ಒಬ್ಬರು "ಲೇ ಶಿವು, ಆ ಹಡಗಿನ್ ಸ್ಕೂಲ್ ಕಥೆ ಹೇಳೋ" ಅಂತ ಶುರು ಮಾಡುತ್ತಾರೆ. ನಾನು ಪಂಚೆ ಎತ್ತಿ ಕಟ್ಟಿ ಎದ್ದು ನಿಲ್ಲುತ್ತೇನೆ. ಬಾಯಲ್ಲೇ ಸೀಟಿ ಹೊಡೆಯುತ್ತೇನೆ, ಸೀಟಿ ಸಾಹೇಬನ ಹಿಂದಿ ಮಾತಾಡುತ್ತೇನೆ, ತುತ್ತು ಬಾಯಲ್ಲಿಟ್ಟುಕೊಂಡು ಕಣ್ಣು ಮೇಲೆ ಕೆಳಗೆ ಮಾಡುತ್ತೇನೆ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಹಡಗು ಹತ್ತದಿದ್ದರೂ ಊರಲ್ಲಿ ನಾನು ಹಡಗಿನ ಶಿವಣ್ಣನೇ.

ಈ ಎಲ್ಲ ಕಥೆಗಳಿಗೆ ಕಳಶ ಏಡಿಯ ಕಥೆ. ಒಂದು ಬೆಳಿಗ್ಗೆ ಬೂಟಿಗೆ ಕಾಲು ತೂರಿಸಿದೆ, ಒಳಗೊಂದು ಏಡಿ. ತೆಗೆಯೋಣ ಅಂದರೆ ಸೀಟಿ ಆಗಿಹೋಯಿತು. ಪೆರೇಡಿನಲ್ಲಿ ಅಲ್ಲಾಡುವ ಹಾಗಿಲ್ಲ. ಏಡಿ ಕಚ್ಚುತ್ತಿದೆ, ನಾನು ನಿಂತಿದ್ದೇನೆ. ಕಡೆಗೆ ತಡೆಯಲಾರದೆ "ಅಪ್ಪಾ ಶಿವನೇ" ಅಂತ ಒಂದು ಆಳು ಎತ್ತರ ಹಾರಿದೆ. ಅದು ಯಾವುದೋ ಹೊಸ ಕವಾಯತು ಅಂದುಕೊಂಡು ಇಡೀ ಸಾಲು ಹಾರಿತು. ಸೀಟಿ ಸಾಹೇಬನ ಬಾಯಿಂದ ಸೀಟಿ ಬಿದ್ದುಹೋಯಿತು. ಇಲ್ಲಿಗೆ ಬರುವಾಗ ಜನ ನೆಲಕ್ಕೆ ಬಿದ್ದು ನಗುತ್ತಿರುತ್ತಾರೆ. ಆಗ ನಾನು ಎಡಗಾಲು ಚಾಚಿ ಸಾಕ್ಷಿ ತೋರಿಸುತ್ತೇನೆ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ಉಗುರಿಲ್ಲ, ಕಿರುಬೆರಳು ಒಳಕ್ಕೆ ಸೊಟ್ಟಗಾಗಿದೆ. ಆ ಕಾಲಿನಿಂದಲೇ ಮೆಡಿಕಲ್ಲಿನಲ್ಲಿ ಫೇಲಾಗಿ ವಾಪಸು ಬಂದೆ ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ನನ್ನ ಅಕ್ಕ ಗಿರಿಜಕ್ಕನ ಮಗಳು ಸಿಂಚನ ಈ ಕಥೆಯನ್ನು ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. ಅಕ್ಕನ ಮನೆ ಅಜ್ಜಂಪುರದಲ್ಲಿ. ಭಾವನಿಗೆ ತರೀಕೆರೆಯಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಒಬ್ಬಳೇ ಮಗಳು, ಚೂಟಿ. ಐದಾರು ವರ್ಷದವಳಿದ್ದಾಗ ನನ್ನ ಕಾಲು ತೊಡೆಯ ಮೇಲೆ ಇಟ್ಟುಕೊಂಡು, "ಮಾಮ, ಏಡಿ ಇಲ್ಲಿ ಕಚ್ತಾ? ಇಲ್ಲೂ ಕಚ್ತಾ?" ಅಂತ ಒಂದೊಂದೇ ಬೆರಳು ಮುಟ್ಟಿ ಕೇಳುತ್ತಿದ್ದಳು. ನಡುಮನೆಯ ತುಂಬ ಲಾಗ ಹಾಕಿ ದಿವಾನದ ಕಾಲಿಗೆ ತಲೆ ಹೊಡೆಸಿಕೊಂಡಿದ್ದಳು. ಪಿಯುಸಿ ಮುಗಿದ ಮೇಲೆ ಒಂದು ದಿನ ನನ್ನ ಮುಂದೆ ಬಣ್ಣದ ಪುಸ್ತಕವೊಂದನ್ನು ಇಟ್ಟಳು. ಕರಾವಳಿಯ ಒಂದು ಹಡಗಿನ ಶಾಲೆಯದು. ಈಗ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರಂತೆ.

"ಮಾಮ, ನೀನು ಹತ್ತಲಿಲ್ವಲ್ಲ, ನಾನು ಹತ್ತೀನಿ" ಅಂದಳು.

ನಾನು ಪುಸ್ತಕ ತಿರುವಿದೆ. ಎಲ್ಲ ಪುಟದಲ್ಲೂ ಅದೇ ನಾಲ್ಕು ಮಕ್ಕಳು ನಗುತ್ತಿದ್ದರು. ಈಜುಕೊಳದ ನೀರು ಅಲುಗಿರಲಿಲ್ಲ. ಬೂಟುಗಳ ಮೂತಿಯಲ್ಲಿ ಒಂದು ಗೆರೆಯೂ ಇರಲಿಲ್ಲ, ಅಂದರೆ ಯಾರೂ ಹಾಕಿಕೊಂಡು ನಡೆದ ಬೂಟಲ್ಲ. ಪುಟಕ್ಕೆ ಎರಡು ಸಲ 'ಶಿಸ್ತು' ಎಂದು ಬರೆದಿತ್ತು. ಕೊಬ್ಬರಿ ಮೂಟೆಯಾಗಿದ್ದರೆ ಅಲ್ಲೇ ವಾಪಸು ಕಳಿಸುತ್ತಿದ್ದೆ. ಆದರೆ ಏನಂತ ಹೇಳಲಿ? ಅಲ್ಲಿ ಕಷ್ಟ ಅಂದರೆ, ಏನು ಕಷ್ಟ ಅಂತ ಕೇಳುತ್ತಾರೆ.

ಅಕ್ಕ ನೇರ ಕೇಳಿದಳು. "ಲೇ ಶಿವು, ನಮ್ಮಲ್ಲಿ ಅಲ್ಲಿಗೆ ಹೋಗಿ ಬಂದೋನು ನೀನೊಬ್ಬನೇ. ನೀನು ಹೂಂ ಅಂದ್ರೆ ಕಳಿಸ್ತೀನಿ, ಊಹೂಂ ಅಂದ್ರೆ ಇಲ್ಲ. ನಿನ್ ಮಾತಿನ್ ಮೇಲೆ ಬಿಟ್ಟಿದೀನಿ."

"ಹೂಂ" ಅಂದೆ. "ತಮಾಷೆಯಾಗಿರ್ತದೆ, ಕಳ್ಸು" ಅಂತಲೂ ಸೇರಿಸಿದೆ.

ಹೋದಳು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಮಾತ್ರ ಫೋನು. ನಾನೂ ಸುಮಾಳೂ ಬೀರೂರು ಮೇಲಿನ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೋಗಿ ಕಾಯುತ್ತಿದ್ದೆವು. ಅಕ್ಕ ಫೋನನ್ನು ಟೀವಿಯ ಪಕ್ಕ ಇಟ್ಟು ಸ್ಪೀಕರ್ ಹಾಕುತ್ತಿದ್ದಳು. ಮೊದಲ ದಿನವೇ ನನಗೆ ಗೊತ್ತಾಯಿತು, ಆ ಕಡೆಯೂ ಸ್ಪೀಕರ್ ಹಾಕಿದ್ದಾರೆ. ನಮ್ಮ ಮಾತು ಒಂದು ದೊಡ್ಡ ಕೋಣೆಗೆ ಹೋಗಿ ಬಡಿದು ವಾಪಸು ಬರುತ್ತಿತ್ತು. ಜೊತೆಗೆ ಯಾರೋ ಒಮ್ಮೆ ಕೆಮ್ಮಿದರು.

"ಊಟ ಚೆನ್ನಾಗಿದೆ ಅಮ್ಮ. ಎಲ್ಲಾ ಚೆನ್ನಾಗಿದೆ. ತುಂಬಾ ತಮಾಷೆ" ಅನ್ನುತ್ತಿದ್ದಳು ಸಿಂಚನ. ಅಕ್ಕನಿಗೆ ಖುಷಿ. ಭಾವನಿಗೆ ಅವಳು ಇಂಗ್ಲಿಷ್ ಪದ ಸೇರಿಸಿ ಮಾತಾಡುವುದೇ ಖುಷಿ. ನಾನು ಮಾತ್ರ ಆ ಕೆಮ್ಮು ಯಾರದು ಅಂತ ಯೋಚಿಸುತ್ತಾ ಕೂತಿರುತ್ತಿದ್ದೆ. "ನೀವು ಮಗು ಫೋನ್ ಮೇಲೂ ಅನುಮಾನ ಪಡ್ತೀರಲ್ರೀ" ಅಂದಳು ಸುಮಾ.

ಎರಡನೇ ತಿಂಗಳ ಒಂದು ಭಾನುವಾರ ಐದು ನಿಮಿಷ ಮುಗಿಯುತ್ತಾ ಬಂದಿತ್ತು. ಸಿಂಚನ ಇದ್ದಕ್ಕಿದ್ದಂತೆ, "ಮಾಮ ಇದಾನಾ ಅಲ್ಲಿ? ಮಾಮ, ನಂಗೂ ಏಡಿ ಕಚ್ತು ಗೊತ್ತಾ!" ಅಂದಳು.

ಮನೆಯೆಲ್ಲ ಹೋ ಎಂದು ನಕ್ಕಿತು. ಭಾವ ಕಣ್ಣೊರೆಸಿಕೊಂಡರು. "ಸೋದರಮಾವನ್ ಥರಾನೇ ಕಣೇ ನೀನು" ಅಂದಳು ಅಕ್ಕ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಗುತ್ತಲೇ ಎಡಗಾಲನ್ನು ಪಂಚೆಯೊಳಗೆ ಎಳೆದುಕೊಂಡೆ.

ಯಾಕೆಂದರೆ ಏಡಿ ಇರಲೇ ಇಲ್ಲ.

ಆ ಕಥೆ ಹುಟ್ಟಿದ್ದು ಕಡೂರು ರೈಲ್ವೆ ಸ್ಟೇಷನ್ನಿನಲ್ಲಿ. ಐದು ತಿಂಗಳ ಮೇಲೆ ಟ್ರಂಕು ಹಿಡಿದು, ಕಾಲಿಗೆ ಬಟ್ಟೆ ಸುತ್ತಿಕೊಂಡು ಇಳಿದಾಗ ಅಪ್ಪ ಮಂಡಿಯ ನಾಲ್ಕು ಜನರ ಜೊತೆ ಬಂದಿದ್ದರು. "ಏನಾಯ್ತೋ ಕಾಲಿಗೆ?" ಅಂದರು. ಅವರ ಮುಖ ನೋಡಿದೆ, ಆ ನಾಲ್ಕು ಜನರ ಮುಖ ನೋಡಿದೆ. "ಏಡಿ ಕಚ್ತು ಅಪ್ಪ" ಅಂದೆ. ಎಲ್ಲರೂ ಗೊಳ್ ಎಂದರು. ಅಪ್ಪನೂ ನಕ್ಕರು. ಬದುಕಿದೆ ಅಂದುಕೊಂಡೆ. ಹಾರಿದ್ದು, ಸೀಟಿ ಬಿದ್ದದ್ದು ಎಲ್ಲ ಆಮೇಲೆ ವರ್ಷ ವರ್ಷ ಸೇರಿಸಿದ್ದು.

ನಡೆದದ್ದು ಇಷ್ಟು. ಅಲ್ಲಿ ಬೂಟು ಕೊಡುವಾಗ ಅಳತೆ ನೋಡುತ್ತಿರಲಿಲ್ಲ, ಸಾಲಿನಲ್ಲಿ ಕೈಗೆ ಬಂದದ್ದು ಅವನವನ ಪಾಲು. ನನಗೆ ಸಿಕ್ಕಿದ್ದು ಎರಡು ಅಳತೆ ಚಿಕ್ಕದು. ಒಂದು ವಾರ ತಡೆದು, ಸೀಟಿ ಸಾಹೇಬನ ಹತ್ತಿರ ಹೋಗಿ ಬೂಟು ಬಿಗಿ ಅಂದೆ. ಆತ ಬೈಯಲಿಲ್ಲ, ಹೊಡೆಯಲಿಲ್ಲ. ಬೂಟನ್ನು ಬಕೆಟ್ಟಿನಲ್ಲಿ ಅದ್ದಿಸಿ, ಹಾಕಿಸಿ, ಮೈದಾನದ ಸುತ್ತ ಓಡಿಸಿದ. ಒಂದೊಂದು ಸುತ್ತಿಗೂ ಅವನ ಮುಂದೆ ಬಂದಾಗ "ಬೂಟ್ ಫಿಟ್ ಹೈ ಸರ್" ಅಂತ ಕೂಗಬೇಕು. ದನಿ ಕಮ್ಮಿಯಾದರೆ ಇನ್ನೊಂದು ಸುತ್ತು. ಒಂದು ದಿನವಲ್ಲ, ಒಂಬತ್ತು ದಿನ. ಕಡೆಕಡೆಗೆ ನಾನು ಎಷ್ಟು ಜೋರಾಗಿ, ಎಷ್ಟು ಸಂತೋಷದಿಂದ ಕೂಗುತ್ತಿದ್ದೆ ಅಂದರೆ, ಸಾಲಿನಲ್ಲಿ ನಿಂತ ಹುಡುಗರು ನಗುತ್ತಿದ್ದರು. ಉಗುರು ಕಿತ್ತು ಬಂದು, ಕೀವಾಗಿ, ಜ್ವರ ಏರಿದಾಗ ಮನೆಗೆ ಕಳಿಸಿದರು. ಹೊರಡುವ ದಿನ ನಾನು ಆ ಮನುಷ್ಯನ ಕಾಲು ಮುಟ್ಟಿ "ತಪ್ಪಾಯ್ತು ಸರ್" ಅಂದು ಬಂದೆ. ಇದನ್ನು ಇವತ್ತಿಗೂ ಬರೆಯುವಾಗ ಮುಖ ಬಿಸಿಯಾಗುತ್ತದೆ.

ಇನ್ನು ನನ್ನ ಘನಂದಾರಿ ಕೆಲಸ ಕೇಳಿ. ಯಾರ ಮಾತನ್ನೂ ನಂಬದ ನಾನು, ಆ ವಾರವೆಲ್ಲ ಒಂದು ಏಡಿಯನ್ನು ನಂಬಲು ಒದ್ದಾಡಿದೆ. ಕರಾವಳಿ ತಾನೆ, ಏಡಿ ಇದ್ದರೂ ಇರಬಹುದು ಅಂದುಕೊಂಡೆ. ಬೂಟಿನೊಳಗೆ ತಂಪಿರುತ್ತದೆ, ನುಗ್ಗಿರಬಹುದು. ನನ್ನ ಕಥೆ ನೆನಪಾಗಿ ಸುಮ್ಮನೆ ತಮಾಷೆಗೆ ಅಂದಿರಬಹುದು. ಮುಂದಿನ ಭಾನುವಾರ ಅವಳು, "ಏಡಿ ಇನ್ನೂ ಬಿಟ್ಟಿಲ್ಲ ಮಾಮ" ಅಂದಳು. ನಕ್ಕೆವು. ಅದರ ಮುಂದಿನ ಭಾನುವಾರ, "ಮಾಮ, ಈಗ ಎರಡೂ ಕಾಲಿಗೆ" ಅಂದಳು. ಅವಳ ದನಿ ಒಡೆದಿತ್ತು. ನಗು ಅಂತಲೇ ಎಲ್ಲರೂ ತಿಳಿದರು. ನಾನೂ ನಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಸುಮಾ, "ಏಡಿ ಅಂದಾಗೆಲ್ಲ ನಿಮ್ಮ ಮುಖ ಯಾಕ್ರೀ ಹಂಗಾಗುತ್ತೆ?" ಅಂದಳು. "ನಿಂಗೆ ನನ್ ಮುಖ ನೋಡೋದೇ ಕೆಲಸ" ಅಂತ ರೇಗಿದೆ.

ಸೋಮವಾರ ಮಂಡಿಗೆ ಹೋಗಲಿಲ್ಲ. ಮೊದಲ ಬಸ್ಸಿಗೆ ಅಜ್ಜಂಪುರಕ್ಕೆ ಹೋದೆ. ಅಕ್ಕ ಹಿತ್ತಲಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು, ಅವಳ ಕೈಯನ್ನೇ ನೋಡುತ್ತಾ, ಬೂಟಿನಿಂದ ಹಿಡಿದು ಕಾಲು ಮುಟ್ಟಿದ್ದರವರೆಗೆ ಎಲ್ಲ ಹೇಳಿದೆ. ಮೊದಲು ಅವಳಿಗೆ ಅದೂ ಒಂದು ಹೊಸ ತಮಾಷೆ ಅನಿಸಿ ತುಟಿ ಅರಳಿತು. ಆಮೇಲೆ ಕೈ ನಿಂತಿತು.

"ಏಡಿ ಸುಳ್ಳಾ?"

"ಸುಳ್ಳು ಅಕ್ಕ."

"ಅಪ್ಪ ಸಾಯೋ ತನಕ ಅದನ್ನ ಬಂದೋರ್ಗೆಲ್ಲ ಹೇಳ್ಕೊಂಡು ನಗ್ತಿದ್ರು ಕಣೋ."

ನನಗೆ ಅಳು ಬಂತು. ಅವಳಿಗೆ ನನ್ನ ಅಳು ನೋಡುವ ಪುರುಸೊತ್ತಿರಲಿಲ್ಲ. ಕೈ ಒರೆಸಿಕೊಂಡು ಶಾಲೆಗೆ ಫೋನು ಮಾಡಿದಳು. ಮಕ್ಕಳೆಲ್ಲ ಟ್ರೇನಿಂಗಿನಲ್ಲಿದ್ದಾರೆ, ಭಾನುವಾರ ಹನ್ನೊಂದಕ್ಕೆ ಮಾಡಿ ಅಂದರು. ಫೋನಿಟ್ಟು, "ಏಳು, ಏನ್ ಕೂತಿದೀಯ? ಹೊರಡು" ಅಂದಳು. ಭಾವನಿಗೆ ದಾರಿಯಿಂದ ಹೇಳಿದಳು. ಹಿಸುಕಿದ ಕಾಳು ಬೋಗುಣಿಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಶಾಲೆಯ ಗೇಟಿನಲ್ಲಿದ್ದೆವು. ಭೇಟಿಯ ದಿನವಲ್ಲ ಅಂದರು. ಅಕ್ಕ ಗೇಟಿನ ಮುಂದೆ ನೆಲದ ಮೇಲೆ ಕೂತಳು. ಅರ್ಧ ಗಂಟೆಗೆ ಬಿಳಿ ಬಟ್ಟೆಯ ಅಧಿಕಾರಿಯೊಬ್ಬರು ಬಂದು ಒಳಗೆ ಕರೆದರು. ತುಂಬ ಮರ್ಯಾದಸ್ಥರು. ಟೀ ತರಿಸಿದರು, ಬಿಸ್ಕತ್ತು ತರಿಸಿದರು. "ನಿಮ್ಮ ಮಗಳು ಎಕ್ಸಲೆಂಟ್. ಒಂದು ಕಂಪ್ಲೇಂಟ್ ಇಲ್ಲ. ಬನ್ನಿ, ಹಾಸ್ಟೆಲ್ ನೋಡಿ" ಅಂತ ಅವರೇ ಕರೆದುಕೊಂಡು ಹೋದರು. ಹಾಸಿಗೆಗಳ ಮೇಲೆ ಒಂದು ಸುಕ್ಕಿಲ್ಲ. ಸಿಂಚನಳ ಲಾಕರ್ ತೆರೆಸಿದರು. ಟವೆಲ್ಲು ನಾಲ್ಕು ಮಡಿಕೆ. ಬ್ರಷ್ಷಿನ ಒಂದು ಎಳೆಯೂ ಬಾಗಿಲ್ಲ. ನಾನು ಸೋಪಿನ ಡಬ್ಬಿ ತೆಗೆದು, ಹೆಬ್ಬೆರಳಿನಿಂದ ಉಜ್ಜಿದೆ. ಒಣ ಸೋಪು.

"ಇನ್ನೊಂದು ಸೋಪೆಲ್ಲಿ ಸಾರ್?" ಅಂದೆ.

ಅಲ್ಲಿಯವರೆಗೆ ಅಕ್ಕನ ಜೊತೆ ಮಾತಾಡುತ್ತಿದ್ದ ಅಧಿಕಾರಿ ಆಗ ನನ್ನನ್ನು ಸರಿಯಾಗಿ ನೋಡಿದರು. "ಯಾವ ಸೋಪು?" ಅಂದರು. "ಸ್ನಾನ ಮಾಡೋದು" ಅಂದೆ. ಅವರು ಲಾಕರಿನ ಬಾಗಿಲು ಮುಚ್ಚಿದರು. ಹುಡುಗಿಯನ್ನು ಕರೆಸಲು ಹೇಳಿ ಹೊರಗೆ ನಡೆದರು.

ಸಿಂಚನ ಮೈದಾನದ ಆ ಕಡೆಯಿಂದ ಕೈ ಬೀಸಿಕೊಂಡು ನಡೆದು ಬಂದಳು. ಕೂದಲು ಕಿವಿಯ ಮಟ್ಟಕ್ಕೆ ಕತ್ತರಿಸಿತ್ತು. ಮೂರು ಹೆಜ್ಜೆ ದೂರದಲ್ಲಿ ನಿಂತು, ಹೆತ್ತ ತಾಯಿಯ ತಲೆಯ ಮೇಲಿನ ಗೋಡೆ ನೋಡುತ್ತಾ, "ಗುಡ್ ಮಾರ್ನಿಂಗ್" ಎಂದು ಕೂಗಿದಳು.  ಅಕ್ಕ ಹತ್ತಿರ ಹೋಗಿ, ಕುಕ್ಕರಗಾಲಲ್ಲಿ ಕೂತು, ಅವಳ ಬೂಟಿನ ದಾರಕ್ಕೆ ಕೈ ಹಾಕಿದಳು.

"ಮೇಡಂ, ಪೆರೇಡ್ ಗ್ರೌಂಡಲ್ಲಿ ಶೂ ಬಿಚ್ಚೋ ಹಾಗಿಲ್ಲ" ಅಂದರು ಅಧಿಕಾರಿ.

"ನಾನ್ ಬಿಚ್ತಿರೋದು ನನ್ ಮಗಳ್ದು ಸ್ವಾಮಿ, ನಿಮ್ದಲ್ಲ."

ಬೂಟು ಬಂತು, ಕಾಲುಚೀಲ ಬರಲಿಲ್ಲ. ಬೆರಳಿಗೆ ಅಂಟಿಕೊಂಡಿತ್ತು. ನಾನು ನೀರು ತಂದು ಹಾಕಿದೆ. ಸ್ವಲ್ಪ ಸ್ವಲ್ಪವೇ ಬಿಡಿಸಿದಾಗ ಎರಡು ಉಗುರು ಚೀಲದ ಜೊತೆಯೇ ಬಂದವು. ಸಿಂಚನ ಹಲ್ಲು ಕಚ್ಚಿ ನಿಂತೇ ಇದ್ದಳು, ಅತ್ತಿತ್ತ ಅಲ್ಲಾಡಲಿಲ್ಲ. ಅಧಿಕಾರಿ ಒಳಗೆ ಹೋಗಿ ಒಂದು ರಿಜಿಸ್ಟರ್ ತಂದರು. ಬೂಟು ಸರಿಯಾಗಿದೆ ಎಂದು ವಾರವಾರವೂ ಅವಳು ಸಹಿ ಮಾಡಿದ್ದಳು. "ನೋಡಿ ಸರ್, ಅವಳೇ ಹೇಳಿದಾಳೆ" ಅಂದರು.

"ನಾನೂ ಹಂಗೇ ಹೇಳಿದ್ದೆ ಸಾರ್" ಅಂದೆ. ಅವರಿಗೆ ಅದು ಅರ್ಥವಾಗಬೇಕಾದ ಅಗತ್ಯವಿರಲಿಲ್ಲ. ಅಕ್ಕನಿಗೆ ಅರ್ಥವಾಯಿತು. ನಾನು ಎಲ್ಲರೆದುರಿಗೆ ಚಪ್ಪಲಿ ಬಿಟ್ಟು ಎಡಗಾಲನ್ನು ಆ ಸಿಮೆಂಟಿನ ಮೇಲೆ ಇಟ್ಟು ತೋರಿಸಿದೆ. ಅವತ್ತು ಮಾತ್ರ ನಗಿಸಲು ತೋರಿಸಲಿಲ್ಲ. ಅಧಿಕಾರಿ ಕಾಲು ನೋಡಿದರು, ರಿಜಿಸ್ಟರ್ ಮುಚ್ಚಿದರು. ಮಧ್ಯಾಹ್ನದೊಳಗೆ ಅವಳ ಟ್ರಂಕು ಗೇಟಿನ ಹೊರಗಿತ್ತು.

ಅಲ್ಲೇ ಒಂದು ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿ ಬಸ್ಸು ಹತ್ತಿದೆವು. ಘಟ್ಟ ಹತ್ತುವ ಹೊತ್ತಿಗೆ ಅಕ್ಕ ಮಗಳ ಎರಡೂ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು. ಸಿಂಚನ ನನ್ನ ಭುಜಕ್ಕೆ ತಲೆ ಕೊಟ್ಟಿದ್ದಳು.  ನಾನೇ ಕೇಳಿದೆ.

"ಏಡಿ ಅಂತ ಯಾಕಂದೆ?"

"ಉಗುರು ಕಪ್ಪಗಾಯ್ತಲ್ಲ, ಅವತ್ತೇ ಗೊತ್ತಾಯ್ತು ಮಾಮ, ನಿಂಗೂ ಕಚ್ಚಿದ್ದು ಬೂಟೇ ಅಂತ. ನಿನ್ ಬೆರಳು ಚಿಕ್ಕೋಳಿದ್ದಾಗಿಂದ ನೋಡಿದೀನಲ್ಲ. ಫೋನ್ ಹತ್ರ ಮೇಡಂ ಕೂತಿರ್ತಿದ್ರು. ಬೇರೆ ಏನೂ ಹೇಳೋಕಾಗ್ತಿರ್ಲಿಲ್ಲ. ಏಡಿ ಅಂದ್ರೆ ನಿಂಗೊಬ್ಬನಿಗೆ ಗೊತ್ತಾಗ್ತದೆ, ನೀನು ಬಂದ್ಬಿಡ್ತೀಯ ಅಂದ್ಕೊಂಡೆ."

ನಾನು ಕಿಟಕಿಯ ಕಡೆ ನೋಡಿದೆ.

"ಅಮ್ಮ ಅಪ್ಪ ನಕ್ಕಿದ್ದಕ್ಕೆ ಏನೂ ಅನ್ನಿಸ್ಲಿಲ್ಲ. ಅವರ್ಗೇನು ಗೊತ್ತು. ಮೂರು ವಾರಾನೂ ನಿನ್ ನಗು ಎಲ್ಲರ್ಗಿಂತ ಜೋರಾಗಿ ಕೇಳಿಸ್ತು. ನೀನ್ಯಾಕೆ ನಕ್ಕೆ ಮಾಮ?"

ಏನಾದರೂ ಒಂದು ಹೇಳಿ ಅವಳನ್ನು ನಗಿಸಿಬಿಡೋಣ ಅಂತ ಬಾಯಿಗೆ ಬಂತು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ನುಂಗಿಕೊಂಡೆ.

"ಹೆದರಿಕೆ ಆಯ್ತು ಕಣೇ" ಅಂದೆ.

ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಕೋಪವಿರಲಿಲ್ಲ.

"ಹಂಗಂತ ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ ಮಾಮ" ಅಂದಳು.